ತೊಟ್ಟಿಲಿಗೆ ಕಣ್ಣು ಬರೆದ ಇನ್ನೊಬ್ಬಳು

ತಿರುಗುವ ಕಟ್ಟಿಗೆಯ ಮೇಲಿನ ಬಿಸಿ ಅರಗಿಗೆ ಕೇದಿಗೆಯ ಗರಿಯನ್ನು ಒತ್ತಿ ಹಿಡಿದರೆ ಒಂದು ಸದ್ದು ಬರುತ್ತದೆ. ಹಸಿ ಬಟ್ಟೆಯಿಂದ ಕನ್ನಡಿ ಒರೆಸಿದ ಹಾಗೆ, ಆದರೆ ಅದಕ್ಕಿಂತ ಮೆತ್ತಗೆ. ಶುರುವಾದರೆ ಒಂದೇ ಉಸಿರಿಗೆ ಸಾಗುತ್ತದೆ, ಕಟ್ಟಿಗೆ ನಿಲ್ಲುವಾಗ ಸಣ್ಣಗೆ ಮೇಲೆದ್ದು ಮುರಿಯುತ್ತದೆ. ಕಲಘಟಗಿಯ ನಮ್ಮ ಓಣಿಯಲ್ಲಿ ಹುಬ್ಬಳ್ಳಿಯ ಬೆಳಗಿನ ಬಸ್ಸುಗಳು ಹೋದ ಮೇಲೆ ಈ ಸದ್ದು ಏಳುತ್ತದೆ. ಫಕೀರವ್ವ ತೊಟ್ಟಿಲಿನ ಕಾಲಿಗೆ ಹೊಳಪು ಕೊಡಲು ಕೂತಳು ಎಂದು ಅದರರ್ಥ. ಸದ್ದು ನಡುನಡುವೆ ತುಂಡಾಗುತ್ತಿದ್ದರೆ ಅವಳು ಗಂಡನ ಜೊತೆ ಮಾತಾಡುತ್ತಿದ್ದಾಳೆ ಎಂದು ತಿಳಿಯಬೇಕು. ಮಾತು ಬಂದಾಗ ಅವಳ ಕೈ ನಿಲ್ಲುತ್ತದೆ.

ಎರಡು ತಿಂಗಳಿಂದ ಆ ಸದ್ದು ಒಂದು ಸಲವೂ ತುಂಡಾಗಿರಲಿಲ್ಲ.

"ಏನ್ ಚಂದ ಸಪ್ಪಳ ಬರಾಕತ್ತೈತಿ ನೋಡ," ಎಂದು ಎದುರು ಮನೆಯ ಸಣ್ಣವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ಹೇಳುತ್ತಿದ್ದಳು. "ಆ ಮನಿಯಾಗ ಇನ್ನೂ ಬೆಂಕಿ ಆರಿಲ್ಲ."

ಆ ಮನೆಯಲ್ಲಿ ಮನುಷ್ಯರು ಇಬ್ಬರೇ, ತೊಟ್ಟಿಲುಗಳು ಯಾವಾಗಲೂ ಮೂರೋ ನಾಲ್ಕೋ. ಪಡಸಾಲೆಯಲ್ಲಿ ಬಣ್ಣ ಒಣಗುತ್ತಿರುವುದು ಒಂದು, ನಡುಮನೆಯಲ್ಲಿ ಇನ್ನೂ ಬಣ್ಣ ಕಾಣದ್ದು ಒಂದು, ಒಯ್ಯುವವರು ಬರಲಿ ಎಂದು ಹಳೆಯ ಸೀರೆ ಸುತ್ತಿ ಅಡುಗೆಮನೆಯ ಗೋಡೆಗೆ ಆನಿಸಿಟ್ಟದ್ದು ಒಂದು. ಮಗಳು ಶಿವಗಂಗಾ ಅಣ್ಣಿಗೇರಿಯ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಅವಳ ಎರಡೂ ಮಕ್ಕಳು ಇದೇ ಮನೆಯ ತೊಟ್ಟಿಲಿನಲ್ಲಿ ಮಲಗಿ ಬೆಳೆದವು.

ಚಿತ್ರ ಬರೆಯುವವನು ಗಂಡ ತಿರಕಪ್ಪ. ಐವತ್ತೈದು ದಾಟಿದ, ಮಾತು ಕಡಿಮೆಯ ಮನುಷ್ಯ. ಗಿಳಿ, ನವಿಲು, ಬಳ್ಳಿ, ಬೆಣ್ಣೆಯ ಗಡಿಗೆಯ ಮುಂದೆ ಕೂತ ಕೃಷ್ಣ, ಎಲ್ಲವೂ ಅವನ ಕೈಯವು. ತೊಟ್ಟಿಲಿನ ಒಳಬದಿಗೆ, ಮಗುವಿನ ತಲೆಯ ಕಡೆಗೆ ಬರುವ ಹಲಗೆಯ ಮೇಲೆ ಐದು ಮಂದಿ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾನೆ. ಸೀರೆಯ ಅಂಚು, ಮೂಗುತಿ, ಬಳೆ ಎಲ್ಲ ಮುಗಿಸುತ್ತಾನೆ. ಕಣ್ಣಿನ ಗುಡ್ಡೆ ಮಾತ್ರ ಬಿಡುತ್ತಾನೆ. ಅದನ್ನು ಬರೆಯುವವಳು ಫಕೀರವ್ವ. ಬೇರೆ ಮನೆಗಳಲ್ಲಿ ಈ ರೀತಿ ಇಲ್ಲ, ಈ ಮನೆಯದು ಮಾತ್ರ. ತಿರಕಪ್ಪನ ಅಪ್ಪ ಬರೆಯುವಾಗ ಅವನ ಅವ್ವ ಕಣ್ಣು ಬರೆಯುತ್ತಿದ್ದಳಂತೆ.

ಫಕೀರವ್ವ ಕುಬಿಹಾಳದವಳು. ಹತ್ತಿ ಬಿಡಿಸುತ್ತ, ಮೆಣಸಿನಕಾಯಿ ಹರಿಯುತ್ತ ಬೆಳೆದವಳು. ಮದುವೆಯಾಗಿ ಬರುವವರೆಗೆ ಕುಂಚ ಮುಟ್ಟಿದವಳಲ್ಲ. ಬಂದ ಎರಡನೆಯ ವರ್ಷ ಅತ್ತೆಯ ಕಣ್ಣಿಗೆ ಪೊರೆ ಬಂತು. ಒಂದು ಮುಂಜಾನೆ ಅತ್ತೆ ಸೊಸೆಯನ್ನು ತೊಟ್ಟಿಲಿನ ಮುಂದೆ ಕೂರಿಸಿ, ಮಗು ಮಲಗುವ ಜಾಗದಲ್ಲಿ ಒಂದು ಕೌದಿಯನ್ನು ಸುರುಳಿ ಸುತ್ತಿ ಇಟ್ಟು, ಕೈಗೆ ಕುಂಚ ಕೊಟ್ಟಳು.

"ಕುಂಚ ಹಚ್ಚೂ ಮುಂದ ಆ ಕೌದಿನ್ನ ನೋಡು. ಅಲ್ಲಿ ಕೂಸು ಮಲಗೈತಿ ಅನಕೋ. ಬರಿಯಾಕಿ ಎಲ್ಲಿ ನೋಡ್ತಾಳ, ಇವೂ ಅಲ್ಲೇ ನೋಡ್ತಾವು."

ದೀಪದ ಮಸಿ ಹಿಡಿದು, ಅಂಟು ಕಲಸಿ ಕಾಡಿಗೆ ಮಾಡುವುದನ್ನೂ ಅತ್ತೆಯೇ ಕಲಿಸಿದಳು. ಇನ್ನೊಂದು ಮಾತನ್ನೂ ಹೇಳಿಕೊಟ್ಟಳು. ತೊಟ್ಟಿಲಿನ ಮುಂದೆ ಸಾವಿನ ಮಾತು ಆಡಬಾರದು. ಓಣಿಯಲ್ಲಿ ಯಾರಾದರೂ ತೀರಿಹೋದರೆ ಆ ಸುದ್ದಿಯನ್ನು ಈ ಮನೆಯವರಿಗೆ ಬಾಗಿಲಾಚೆ ಕರೆದೇ ಹೇಳುತ್ತಾರೆ. ಅತ್ತೆ ತೀರಿದ ದಿನ ತಿರಕಪ್ಪ ಮೊದಲು ಎರಡು ತೊಟ್ಟಿಲುಗಳನ್ನು ಸಣ್ಣವ್ವನ ಮನೆಗೆ ಸಾಗಿಸಿದ, ಆಮೇಲೆ ಅತ್ತ.

ಹೀಗೆ ಇಪ್ಪತ್ತೇಳು ವರ್ಷ. ಗಂಡ ಮುಖ ಬರೆದ, ಹೆಂಡತಿ ಕಣ್ಣು ಬರೆದಳು. ಪ್ರೀತಿ, ಪ್ರೇಮ ಎಂಬ ಮಾತು ಅವರಿಬ್ಬರ ನಡುವೆ ಬಂದದ್ದನ್ನು ಯಾರೂ ಕೇಳಿಲ್ಲ. ಆದರೆ ತಿರಕಪ್ಪ ಕುಂಚ ತೊಳೆದಿಟ್ಟು, "ಇನ್ನ ನಿಂದು," ಎಂದು ಎದ್ದು ಹೋಗುವ ಗಳಿಗೆಯೊಂದಿದೆ. ಫಕೀರವ್ವ ಆ ಗಳಿಗೆಗೆ ಮುಖ ತೊಳೆದು, ಕುಂಕುಮ ಹಚ್ಚಿಕೊಂಡು ತಯಾರಾಗಿರುತ್ತಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಬೆಂಗಳೂರಿನಿಂದ ಕೌಶಿಕ ಎಂಬ ಹುಡುಗ ಬಂದ. ಸಿನಿಮಾ ಮಾಡುವವನು. ತನ್ನ ಕತೆಯ ನಾಯಕ ತೊಟ್ಟಿಲಿಗೆ ಚಿತ್ರ ಬರೆಯುವವನು, ಅದಕ್ಕೆ ಒಂದು ಹೊಸ ತೊಟ್ಟಿಲು ಬೇಕು, ನಾಲ್ಕು ದಿನ ಈ ಮನೆಯೂ ಬೇಕು ಎಂದ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕತೆ ಶುರುಮಾಡಿದ.

"ಸಾವು ಒಂದು ಹುಡುಗಿಯ ರೂಪದಲ್ಲಿ..."

ತಿರಕಪ್ಪ ಕೈಯೆತ್ತಿ ತಡೆದ. ಹುಡುಗನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ, ಓಣಿಯ ತುದಿಯ ಬೇವಿನ ಮರದ ಕೆಳಗೆ ಕರೆದೊಯ್ದ. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಫಕೀರವ್ವನಿಗೆ ಆ ಮಾತು ಕೇಳಿಸಿರಲಿಲ್ಲ. ಅವಳು ಒಳಗೆ ಬರುವ ಹೊತ್ತಿಗೆ ಅರ್ಧ ಕುಡಿದ ಎರಡು ಲೋಟಗಳಿದ್ದವು, ಮನುಷ್ಯರಿರಲಿಲ್ಲ. ಕಿಟಕಿಯಿಂದ ನೋಡಿದರೆ ಮರದ ಕೆಳಗೆ ಹುಡುಗ ಕೈ ಆಡಿಸುತ್ತ ಹೇಳುತ್ತಿದ್ದ, ಗಂಡ ತಲೆ ಬಗ್ಗಿಸಿ ಕೇಳುತ್ತಿದ್ದ.

"ಏನಂತ ಕತಿ?" ಎಂದಳು, ಅವನು ಬಂದ ಮೇಲೆ.

ತಿರಕಪ್ಪ ಒಮ್ಮೆ ತೊಟ್ಟಿಲುಗಳ ಕಡೆ ನೋಡಿದ. "ದೂರದ ಊರಿಂದ ಒಬ್ಬಾಕಿ ಬರ್ತಾಳಂತ. ಚಿತ್ರ ಬರಿಯಾವನ ಮ್ಯಾಲ ಆಕಿ ಮನಸಾಗ್ತೈತಂತ."

"ಅಷ್ಟ?"

"ಅಷ್ಟ."

ಮನೆಯೊಳಗೆ ಆ ಒಂದು ಶಬ್ದವನ್ನು ಯಾರೂ ಆಡಬಾರದು ಎಂದು ಅವನು ಹಾಕಿದ ಷರತ್ತಿಗೆ ಕೌಶಿಕ ಒಪ್ಪಿದ್ದ. ಹಾಗಾಗಿ ಆ ನಾಲ್ಕು ದಿನ ಸಿನಿಮಾದವರು ನಾಯಕಿಯ ಪಾತ್ರವನ್ನು 'ಅತಿಥಿ' ಎಂದೇ ಕರೆದರು. ಫಕೀರವ್ವನೂ ಹಾಗೆಯೇ ತಿಳಿದಳು.

ಅತಿಥಿಯಾಗಿ ಬಂದವಳ ಹೆಸರು ಧನಶ್ರೀ. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಬಿಳಿಯದಲ್ಲ, ಕಪ್ಪಲ್ಲ, ಬಿಸಿಲಿನಲ್ಲಿ ಒಣಗಿದ ಭತ್ತದ ಬಣ್ಣದ ಸೀರೆ ಉಟ್ಟು, ಭುಜಕ್ಕೊಂದು ಬಟ್ಟೆಯ ಚೀಲ ಹಾಕಿಕೊಂಡು ಬಂದಳು. ತಿರಕಪ್ಪನನ್ನು "ಗುರುಗಳೇ" ಎಂದು ಕರೆದಳು. ಅದುವರೆಗೆ ಊರು ಅವನನ್ನು ತಿರಕಪ್ಪ ಎಂದಿತ್ತು, ಕಾಕಾ ಎಂದಿತ್ತು, ತೊಟ್ಟಿಲದಾಂವ ಎಂದಿತ್ತು. ಗುರುಗಳೇ ಎಂದಿರಲಿಲ್ಲ.

ಎರಡನೆಯ ದಿನ ಅವನು ಗಡ್ಡ ತೆಗೆದ. ಮೂರನೆಯ ದಿನ ಮತ್ತೆ ತೆಗೆದ.

"ನಿನ್ನೆ ತಗದಿದ್ರಿ," ಎಂದಳು ಫಕೀರವ್ವ.

"ಫೋಟೋದಾಗ ಕಾಣತೈತಂತ."

"ಕೈ ಅಷ್ಟ ಹಿಡಿತೀವಿ ಅಂದಾರಲ್ಲ. ಕೈಯಾಗ ಗಡ್ಡ ಬರ್ತೈತೇನು?"

ಅವಳ ಮಾತು ಸರಿಯಿತ್ತು. ನಾಯಕನಾಗಿ ಬಂದವನು ಕುಂಚವನ್ನು ಸಾರಿನ ಸೌಟಿನಂತೆ ಹಿಡಿಯುತ್ತಿದ್ದ. ಮುಖ ಅವನದಿರಲಿ, ಹತ್ತಿರದಿಂದ ತೋರಿಸುವ ಕೈ ಮಾತ್ರ ತಿರಕಪ್ಪನದಿರಲಿ ಎಂದು ಕೌಶಿಕ ಗೊತ್ತುಮಾಡಿದ್ದ. ನಾಯಕನ ಅಂಗಿಯಂಥದೇ ಒಂದು ಅಂಗಿಯ ತೋಳನ್ನು ತಿರಕಪ್ಪನಿಗೆ ತೊಡಿಸಿದರು.

ಬಿಡುವಿನಲ್ಲಿ ಹುಡುಗಿ ಅವನ ಬಳಿ ಕೂತು ಕೇಳುತ್ತಲೇ ಇದ್ದಳು. ಬಣ್ಣ ಎಲ್ಲಿಂದ, ಈ ಗೆರೆ ಯಾಕೆ ಹೀಗೆ, ಮೊದಲ ಸಲ ಚಿತ್ರ ಬರೆದದ್ದು ಯಾವಾಗ. ತಿರಕಪ್ಪ ಹೇಳುತ್ತಿದ್ದ. ಐದು ವರ್ಷದವನಿದ್ದಾಗ ಅವ್ವ ಅಡುಗೆ ಮಾಡುವ ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಲಿನಿಂದ ಒಂದು ಗಿಳಿ ಬರೆದಿದ್ದನಂತೆ. ಅಪ್ಪ ಬೈಯಲು ಬಂದವನು ಗಿಳಿ ನೋಡಿ, ಅವತ್ತು ಗೋಡೆ ಸಾರಿಸುವುದು ಬೇಡ ಎಂದನಂತೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಫಕೀರವ್ವನ ಕೈ ನಿಂತಿತು. ಮದುವೆಯಾಗಿ ಬಂದಾಗಿನಿಂದ ಅದೇ ಒಲೆಯ ಮುಂದೆ ಕೂತವಳು ಅವಳು. ಅದೇ ಗೋಡೆಯನ್ನು ಹಬ್ಬಕ್ಕೊಮ್ಮೆ ಸಾರಿಸಿದವಳು. ಅಲ್ಲಿ ಒಂದು ಗಿಳಿ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ತಟ್ಟೆಗೆ ಹಾಕುವ ರೊಟ್ಟಿಯನ್ನು ಎಂದೂ ಎಣಿಸದವಳು ಆ ದಿನ ಹುಡುಗಿಗೆ, ಅವಳಾಗಿ ಕೇಳುವವರೆಗೆ, ಎರಡನೆಯ ರೊಟ್ಟಿ ಬಡಿಸಲಿಲ್ಲ.

ನಾಲ್ಕನೆಯ ದಿನ ತೊಟ್ಟಿಲು ಮುಗಿಯಿತು. ಐವರು ಹೆಣ್ಣುಮಕ್ಕಳು ಹಲಗೆಯ ಮೇಲೆ ನಿಂತಿದ್ದರು, ಕಣ್ಣಿಲ್ಲದೆ. ಫಕೀರವ್ವ ಮುಖ ತೊಳೆದು ಕುಂಕುಮ ಹಚ್ಚಿಕೊಂಡು ಕಾಡಿಗೆಯ ಬಟ್ಟಲು ಹಿಡಿದು ಹೊರಗೆ ಬಂದಳು. ತಿರಕಪ್ಪ ಅವಳ ಕೈಯಿಂದ ಬಟ್ಟಲು ಇಸಿದುಕೊಂಡ.

"ಇವತ್ತ ಆಕಿ ಬರೀತಾಳ," ಎಂದ.

ಧನಶ್ರೀ ಹೌಹಾರಿದಳು. "ಬೇಡ ಗುರುಗಳೇ, ಅದು ಅಮ್ಮ ಬರೆಯೋದು ಅಂದಿದ್ರಲ್ಲ."

"ನೀನ ಬರಿಬೇಕವ್ವ."

ದೀಪಗಳನ್ನು ಹಚ್ಚಿದರು. ಹುಡುಗಿ ಕುಂಚವನ್ನು ಎರಡು ಸಲ ಹಲಗೆಯ ತನಕ ಒಯ್ದು ಹಿಂದಕ್ಕೆ ತೆಗೆದಳು. ತಿರಕಪ್ಪ ಅವಳ ಬಲಕ್ಕೆ ಕೂತು, ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಕೊಟ್ಟು ಹಿಡಿದ. ಹತ್ತು ಕಣ್ಣು. ಒಂದೊಂದಕ್ಕೂ ಹೊತ್ತು ಹಿಡಿಯಿತು. ಫಕೀರವ್ವ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಹತ್ತೂ ಮುಗಿಯುವ ತನಕ ನೋಡಿದಳು. ತೊಟ್ಟಿಲಿನಲ್ಲಿ ಕೌದಿ ಇಟ್ಟಿರಲಿಲ್ಲ ಎಂಬುದನ್ನೂ ನೋಡಿದಳು.

ಎಲ್ಲರೂ ಹೋದ ಮೇಲೆ ಒಂದೇ ಮಾತು ಕೇಳಿದಳು. "ಯಾಕ ಆಕಿ ಕಡಿಂದ ಬರಸಿದ್ರಿ?"

ತಿರಕಪ್ಪ ಗೋಡೆಗೆ ಆನಿಸಿದ್ದ ತೊಟ್ಟಿಲಿನ ಕಡೆ ನೋಡಿದ. "ಇರ್ಲಿ ಬಿಡು," ಎಂದ.

ಅವಳು ಬಿಡಲಿಲ್ಲ. ಆದರೆ ಮತ್ತೆ ಕೇಳಲೂ ಇಲ್ಲ. ಯುಗಾದಿಗೆ ಹುಡುಗಿಯಿಂದ ಫೋನಿಗೆ ಒಂದು ಧ್ವನಿಸಂದೇಶ ಬಂತು. "ಗುರುಗಳೇ, ಹೇಗಿದ್ದೀರಾ? ನಾನೊಂದು ಗಿಳಿ ಬರೆದೆ, ಚೆನ್ನಾಗಿ ಬರಲಿಲ್ಲ." ತಿರಕಪ್ಪ ಅದನ್ನು ಮೂರು ಸಲ ಕೇಳಿದ. ಮೊದಲ ಸಲ ತಿಳಿಯಲಿಕ್ಕೆ, ಎರಡನೆಯದು ಮತ್ತೆ ತಿಳಿಯಲಿಕ್ಕೆ. ಮೂರನೆಯದು ಯಾತಕ್ಕೆ ಎಂದು ಫಕೀರವ್ವ ಕಾಳು ಹಸನು ಮಾಡುತ್ತ ಯೋಚಿಸಿದಳು. ಮರುದಿನ ಅವನು ಹೊರಗೆ ಹೋದಾಗ ಒಲೆಯಿಂದ ಒಂದು ಇದ್ದಲು ತೆಗೆದು ಹಿಂದಿನ ಗೋಡೆಯ ಮೇಲೆ ಗಿಳಿ ಬರೆದಳು. ಕಣ್ಣು ಮಾತ್ರ ಬರೆದು ಗೊತ್ತಿದ್ದವಳಿಗೆ ಗಿಳಿ ಒಲಿಯಲಿಲ್ಲ. ಹೊಟ್ಟೆ ದಪ್ಪವಾಯಿತು. ಕಣ್ಣು ಮಾತ್ರ ಜೀವ ಇದ್ದ ಹಾಗೆ ಇತ್ತು. ಮೂರು ದಿನ ಅದು ಅಲ್ಲೇ ಇತ್ತು. ತಿರಕಪ್ಪ ಒಲೆಯ ಮುಂದೆ ಕೂತು ಮೂರೂ ದಿನ ಉಂಡ, ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಅವಳು ಗೋಡೆ ಸಾರಿಸಿದಳು.

ಇಷ್ಟಾದರೂ ತೊಟ್ಟಿಲುಗಳಿಗೆ ಕಣ್ಣು ಬರೆಯುವುದನ್ನು ಬಿಟ್ಟಿರಲಿಲ್ಲ. ಬಿಟ್ಟದ್ದು ಸಿನಿಮಾ ನೋಡಿದ ಮೇಲೆ.

ಸಿನಿಮಾ ಕಲಘಟಗಿಗೆ ಬರಲಿಲ್ಲ, ಹುಬ್ಬಳ್ಳಿಯಲ್ಲಿ ಒಂದು ವಾರ ಇದ್ದು ಹೋಯಿತು. ಆಮೇಲೆ ಸಣ್ಣವ್ವನ ಮನೆಯ ದೊಡ್ಡ ಟಿವಿಯಲ್ಲಿ ಸಿಗುತ್ತದೆ ಎಂದು ಗೊತ್ತಾಗಿ ಒಂದು ರವಿವಾರ ಮಧ್ಯಾಹ್ನ ಓಣಿಯವರೆಲ್ಲ ಅಲ್ಲಿ ಕೂಡಿದರು. ಫಕೀರವ್ವ ಮುಂದೆ, ಹೆಂಗಸರ ನಡುವೆ. ತಿರಕಪ್ಪ ಹಿಂದೆ, ಬಾಗಿಲ ಹತ್ತಿರ.

ಭತ್ತದ ಬಣ್ಣದ ಸೀರೆಯ ಹುಡುಗಿ ಬಸ್ಸಿನಿಂದ ಇಳಿದಳು. ಚೀಲದಿಂದ ಒಂದು ಚೀಟಿ ತೆಗೆದು ವಿಳಾಸ ಕೇಳಿದಳು. ಅವಳು ದಾಟಿ ಹೋದ ಕಡೆ ನಾಯಿ ಬೊಗಳುವುದು ನಿಲ್ಲಿಸಿತು, ಒಬ್ಬಳು ಮುದುಕಿ ತಾನೇ ಎದ್ದು ಕೈಮುಗಿದು, "ನನಗಲ್ಲೇನು?" ಎಂದಳು. "ಇವತ್ತಲ್ಲ ಅಜ್ಜಿ," ಎಂದು ಹುಡುಗಿ ನಕ್ಕಳು.

"ಸಾವು ಬೇ ಇಕಿ," ಎಂದಳು ಸಣ್ಣವ್ವ. "ಹೆಣ್ಣಿನ ರೂಪದಾಗ ಬಂದಾಳ."

ಫಕೀರವ್ವನ ಬೆನ್ನು ನೆಟ್ಟಗಾಯಿತು. ಇದೇ ಹುಡುಗಿ ನಾಲ್ಕು ದಿನ ತನ್ನ ಪಡಸಾಲೆಯಲ್ಲಿ, ತೊಟ್ಟಿಲುಗಳ ನಡುವೆ ಕೂತಿದ್ದಳು. ತನ್ನ ಕೈಯ ರೊಟ್ಟಿ ತಿಂದಿದ್ದಳು.

ಕತೆ ಮುಂದೆ ಹೋಯಿತು. ಹೆಂಡತಿ ಇಲ್ಲದ ಚಿತ್ರಗಾರ, ಅವನ ಎಳೆಯ ಮಗು. ಸಾವು ಬಂದದ್ದು ಆ ಮಗುವನ್ನು ಒಯ್ಯಲು. ಬಂದವಳು ಅವನು ತೊಟ್ಟಿಲಿಗೆ ಬಣ್ಣ ಹಾಕುವುದನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಕೆಲಸ ಕಲಿಯಲು ಬಂದೆ ಎಂದು ಸುಳ್ಳು ಹೇಳಿದಳು. ದಿನ ಮುಂದೂಡಿದಳು. ಚಿತ್ರಗಾರ ನಗುವಾಗ ನಾಯಕನ ಮುಖ ಕಾಣುತ್ತಿತ್ತು, ಕುಂಚ ಹಿಡಿಯುವಾಗ ತಿರಕಪ್ಪನ ಕೈ. ಹೆಬ್ಬೆರಳಿನ ಬುಡದಲ್ಲಿ ಉಳಿ ತಾಗಿದ ಹಳೆಯ ಗಾಯ, ಉಗುರಿನ ಸಂದಿಯಲ್ಲಿ ಅರಗಿನ ಕೆಂಪು. ಆ ಕೈ ಟಿವಿಯ ತುಂಬ, ಬಾಗಿಲಿನಷ್ಟು ದೊಡ್ಡದಾಗಿ ಬಂತು. ಅದರ ಮೇಲೆ ಹುಡುಗಿಯ ಕೈ.

ಆಮೇಲೆ ಐವರು ಹೆಣ್ಣುಮಕ್ಕಳ ಹಲಗೆ ಬಂತು. ಫಕೀರವ್ವ ಮುಂದಕ್ಕೆ ಬಾಗಿದಳು. ಅವಳು ಬರೆದ ಕಣ್ಣುಗಳೆಲ್ಲ ಕೆಳಗೆ, ಮಗುವಿನ ಮೇಲೆ ಬೀಳುತ್ತವೆ. ಈ ಹತ್ತು ಕಣ್ಣುಗಳಲ್ಲಿ ಒಂದೂ ಕೆಳಗೆ ನೋಡುತ್ತಿರಲಿಲ್ಲ. ಐವರೂ ಬಲಕ್ಕೆ ನೋಡುತ್ತಿದ್ದರು. ಬರೆಯುವಾಗ ಬಲಕ್ಕೆ ಯಾರು ಕೂತಿದ್ದರು ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಕೊನೆಗೆ ಚಿತ್ರಗಾರನಿಗೆ ನಿಜ ಗೊತ್ತಾಯಿತು. ಮಗುವನ್ನು ಬಿಡು, ನನ್ನನ್ನು ಕರೆದುಕೊಂಡು ಹೋಗು ಎಂದ. ಹುಡುಗಿ ಅಳುತ್ತ ಕೈ ಚಾಚಿದಳು. ಅವನು ಕೈ ಕೊಟ್ಟ. ಗಾಯದ ಗುರುತಿನ, ಕೆಂಪು ಉಗುರಿನ ಆ ಕೈ. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ತೊಟ್ಟಿಲಿನಲ್ಲಿ ಮಗು ಕಾಲು ಆಡಿಸುತ್ತಿತ್ತು.

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಣ್ಣವ್ವ ಅಳುತ್ತಲೇ, "ನಿನ್ನ ಗಂಡನ್ನ ಕರಕೊಂಡ ಹೋದಳಲ್ಲ ಬೇ, ಫಕೀರವ್ವ," ಎಂದಳು. ಎಲ್ಲರೂ ನಕ್ಕರು.

ಫಕೀರವ್ವ ಎದ್ದು ಚಪ್ಪಲಿ ಹಾಕಿಕೊಳ್ಳದೆ ಓಣಿ ದಾಟಿ ಮನೆಗೆ ಹೋದಳು. ಬಾಗಿಲ ಹತ್ತಿರ ಕೂತ ತಿರಕಪ್ಪ ತನ್ನ ಕೈಯನ್ನು ಮೊಣಕಾಲಿನ ಮೇಲೆ ಮಗುಚಿ ಇಟ್ಟುಕೊಂಡಿದ್ದ. ಅವನೂ ಈ ಕೊನೆಯನ್ನು ಮೊದಲ ಸಲ ನೋಡಿದಂತೆ ಇದ್ದ. ಅದನ್ನು ಅವಳು ಗಮನಿಸಲಿಲ್ಲ.

ಅಂದಿನಿಂದ ಅವಳು ಅಡುಗೆ ಮಾಡಿದಳು, ಅರಗು ತಿಕ್ಕಿದಳು, ಕಾಲಿಗೆ ಹೊಳಪು ಕೊಟ್ಟಳು. ಕಾಡಿಗೆಯ ಬಟ್ಟಲು ಮುಟ್ಟಲಿಲ್ಲ. ತಿರಕಪ್ಪ "ಇನ್ನ ನಿಂದು," ಎಂದು ಎದ್ದು ಹೋದರೆ ಅವಳು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಒಂದು ದಿನ ಅವನೇ ಕುಂಚ ತೆಗೆದು ಮೊದಲನೆಯವಳ ಒಂದು ಕಣ್ಣು ಬರೆದು ನೋಡಿದ. ಅದು ಎಲ್ಲಿಯೂ ನೋಡಲಿಲ್ಲ. ಬಟ್ಟೆಯಿಂದ ಒರೆಸಿದ.

ಆ ತೊಟ್ಟಿಲು ದುಮ್ಮವಾಡದ ಮೈಲಾರಿಯದು. ಅವನಿಗೆ ಮೊದಲ ಮಗು, ಹೆಣ್ಣು. ಬರುವ ಬೇಸ್ತವಾರ ಹೆಸರಿಡುವುದು. ಸೋಮವಾರ ಅವನು ಗಾಡಿ ಗೊತ್ತುಮಾಡುವ ಮೊದಲು ಒಮ್ಮೆ ನೋಡಿಹೋಗಲು ಬಂದ. ಫೋನಿನಲ್ಲಿ ಮಗುವಿನ ಫೋಟೋ ತೋರಿಸಿದ. ಫಕೀರವ್ವ ಫೋಟೋವನ್ನು ಬಹಳ ಹೊತ್ತು ನೋಡಿದಳು. ಮೈಲಾರಿ ತೊಟ್ಟಿಲಿನ ಸುತ್ತ ಒಂದು ಸುತ್ತು ಬಂದು ಒಳಗೆ ಇಣುಕಿದ.

"ಇವಕ್ಕ ಕಣ್ಣ ಇಲ್ಲಲ್ರಿ."

"ನಿಮ್ಮ ಕಾಕಾನ್ನ ಕೇಳು. ಕಣ್ಣ ಬರಿಯಾಕಿ ಬ್ಯಾರೆದಾಕಿ ಅದಾಳ. ಬೆಂಗಳೂರಾಗ ಇರ್ತಾಳ."

ಮೈಲಾರಿ ನಗಬೇಕೋ ಬೇಡವೋ ತಿಳಿಯದೆ ಗಂಡ ಹೆಂಡತಿ ಇಬ್ಬರನ್ನೂ ನೋಡಿದ. "ನಮ್ಮವ್ವ ಅಂತಿದ್ಳು, ನಾ ಮಲಗಿದ್ದೂ ಈ ಮನಿ ತೊಟ್ಟಲದಾಗಂತ. ಅತ್ತಾಗ ಆ ಐದು ಮಂದಿನ್ನ ತೋರಿಸಿದ್ರ ಸುಮ್ಮನಾಗ್ತಿದ್ದೆನಂತ. ಅದಕ್ಕ ಇಲ್ಲೇ ಬಂದೆನ್ರಿ. ಬೇಸ್ತವಾರ ಮುಂಜಾನೆ ಬರ್ತೀನಿ." ಹೊಸ್ತಿಲಲ್ಲಿ ನಿಂತು ಮೆತ್ತಗೆ ಇನ್ನೊಂದು ಮಾತು ಸೇರಿಸಿದ. "ಕುರುಡು ತೊಟ್ಟಲ ಒಯ್ಯೂದು ಬ್ಯಾಡಂತಾರ ಮನಿಯಾಗ. ಆಗಲಿಲ್ಲಂದ್ರ ಹೇಳ್ರಿ, ಬ್ಯಾರೆ ಕಡೆ ನೋಡ್ತೀನಿ."

ಈ ಮನೆಯಿಂದ ಇದುವರೆಗೆ ಯಾರೂ ಬೇರೆ ಕಡೆ ಹೋಗಿರಲಿಲ್ಲ. ಅವನು ಹೋದ ಮೇಲೆ ಅರಗಿನ ಸದ್ದು ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ತಿರಕಪ್ಪ ಬಂದು ಅವಳ ಮುಂದೆ ಕುಡಗೋಲು ಹಿಡಿದು ನಿಂತ.

"ಗರಿ ಮುಗದಾವು. ಹಳ್ಳಕ್ಕ ಹೋಗೂಣು, ನಡಿ."

ಸದ್ದು ತುಂಡಾಯಿತು. ಎದುರು ಕಟ್ಟೆಯ ಮೇಲೆ ಸಣ್ಣವ್ವ ತಲೆಯೆತ್ತಿದಳು. ಕೇದಿಗೆಯ ಗರಿ ಕೊಯ್ಯಲು ತಿರಕಪ್ಪ ಯಾವಾಗಲೂ ಒಬ್ಬನೇ ಹೋಗುತ್ತಿದ್ದ. ಹೆಂಡತಿಯನ್ನು ಕರೆದದ್ದು ಇದೇ ಮೊದಲು.

ಊರಾಚೆ, ಕಬ್ಬಿನ ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ಆ ಹಳ್ಳ. ದಂಡೆಯ ಉದ್ದಕ್ಕೂ ಕೇದಿಗೆ ಮೆಳೆ. ಗರಿಯ ಎರಡೂ ಅಂಚಿಗೆ ಮುಳ್ಳು. ಇಬ್ಬರೂ ಮುಳ್ಳು ತಪ್ಪಿಸಿ ಕೊಯ್ದರು. ಒಂದು ಹೊರೆಯಷ್ಟಾದ ಮೇಲೆ ತಿರಕಪ್ಪ ಸುತ್ತ ನೋಡಿದ.

"ಇಲ್ಲಿ ತೊಟ್ಟಲ ಇಲ್ಲ," ಎಂದ.

"ಕಾಣಾಕತ್ತೈತಿ."

"ಅದಕ್ಕ ಇಲ್ಲಿ ಕರಕೊಂಡ ಬಂದೆ. ಅವತ್ತ ನೀ ಕೇಳಿದಿ, ಆಕಿ ಕಡಿಂದ ಯಾಕ ಬರಸಿದ್ರಿ ಅಂತ. ಮನಿಯಾಗ ಹೇಳಾಕ ಬರ್ತಿರಲಿಲ್ಲ."

ಫಕೀರವ್ವ ಕೊಯ್ದ ಗರಿಗಳ ತುದಿ ಜೋಡಿಸುತ್ತ ಕೂತಳು.

"ಬೇವಿನ ಗಿಡದ ಕೆಳಗ ಕೌಶಿಕ ಕತಿ ಹೇಳಿದಾಗ ಕೂಸು ಸಾಯೂದಿತ್ತು. ಆ ತೊಟ್ಟಲದಾಗ ಮಲಗಿದ್ದ ಕೂಸು. ಆ ಐದು ಮಂದಿ ಮುಂದ." ತಿರಕಪ್ಪ ನಿಂತು ನಿಂತು ಹೇಳಿದ. "ನೀ ಬರದ ಕಣ್ಣಿನ ಮುಂದ ಕೂಸು ಸಾಯೂದಂದ್ರ... ಸುಳ್ಳು ಕತಿ ಖರೆ. ಆದರೂ ನನಗ ಬ್ಯಾಡ ಅನಿಸ್ತು. ಕೂಸಿನ್ನ ಒಯ್ಯಾಕ ಬಂದಾಕಿನ ಬರೀಲಿ, ನೀ ಬರಿಯೂದು ಬ್ಯಾಡ ಅನಿಸ್ತು. ಕೌದಿನೂ ಅದಕ್ಕ ಇಡಲಿಲ್ಲ."

ಹಳ್ಳದ ನೀರು ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಫಕೀರವ್ವ ಗರಿ ಜೋಡಿಸುವುದನ್ನು ನಿಲ್ಲಿಸಿದ್ದಳು.

"ಕೂಸು ಸಾಯಲಿಲ್ಲಲ್ಲ."

"ಆಮ್ಯಾಲ ಬದಲ ಮಾಡ್ಯಾರ. ನನಗೂ ಸಣ್ಣವ್ವನ ಮನಿಯಾಗನ ಗೊತ್ತಾತು."

"ದೂರದಾಕಿ ಅಂದ್ರಿ ನನಗ. ಮನಸಾಗ್ತೈತಿ ಅಂದ್ರಿ. ಸಾವು ಅಂತ ಹೇಳಿದ್ರ ನಾ ಹೆದರ್ತಿದ್ದೆ, ಇಷ್ಟ ಉರೀತಿರಲಿಲ್ಲ." ಅವಳು ಆ ಶಬ್ದವನ್ನು ಬಾಯಿಬಿಟ್ಟು ಆಡಿದ್ದನ್ನು ತಿರಕಪ್ಪ ಕೇಳಿದ್ದು ಅಪರೂಪ. "ಮತ್ತ ಗಿಳಿ? ಗಿಳಿ ಸುದ್ದಿ ಹೇಳಾಕ ತೊಟ್ಟಲ ಅಡ್ಡ ಬಂದಿತ್ತೇನು?"

"ನೀ ಕೇಳಿರಲಿಲ್ಲ."

"ಕೇಳಾಕ ಅಲ್ಲಿ ಗಿಳಿ ಇತ್ತಂತ ಗೊತ್ತಿರಬೇಕಲ್ಲ."

ತಿರಕಪ್ಪ ಒಂದು ಗರಿಯನ್ನು ಎಳೆದ. "ನೀ ಬರದದ್ದಕ್ಕ ಕೊಕ್ಕು ಸೊಟ್ಟ ಇತ್ತು."

ಅವಳು ಮುಖ ಎತ್ತಿದಳು. "ನೋಡಿದ್ರೇನು?"

"ಮೂರು ದಿನ ನೋಡಿದೆ. ನಾಕನೇ ದಿನ ತಿದ್ದೂಣು ಅಂತ ಇದ್ದಲಿ ಆರಿಸಿ ಇಟ್ಟಿದ್ದೆ. ಅಷ್ಟರಾಗ ನೀ ಸಾರಸಿ ಬಿಟ್ಟಿದ್ದಿ."

ಫಕೀರವ್ವ ಏನೋ ಹೇಳಲಿದ್ದಳು. ಅಷ್ಟರಲ್ಲಿ ತಿರಕಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಅಂಗೈಯಲ್ಲಿ ಮುಳ್ಳು ಮುರಿದಿತ್ತು. ಅವಳು ಹತ್ತಿರ ಸರಿದು, ತಾಳಿಯ ಸರದಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು, ಆ ಕೈಯನ್ನು ಬೆಳಕಿಗೆ ಹಿಡಿದಳು. ಟಿವಿಯಲ್ಲಿ ಬಾಗಿಲಿನಷ್ಟು ದೊಡ್ಡದಾಗಿದ್ದ ಕೈ. ಇಲ್ಲಿ ಅದು ಅವಳ ಕೈಗಿಂತ ಒಂದಿಷ್ಟೇ ದೊಡ್ಡದು. ಉಗುರಿನ ಸಂದಿಯ ಕೆಂಪು ಹಾಗೇ ಇತ್ತು. ಹೆಬ್ಬೆರಳಿನ ಬುಡದ ಗಾಯ ಆದ ದಿನ ಅರಿಷಿಣ ಮೆತ್ತಿ ಕಟ್ಟಿದವಳು ತಾನೇ ಎಂದು ಅವಳಿಗೆ ನೆನಪಾಯಿತು. ಸಿನಿಮಾ ನೋಡಿದವರಲ್ಲಿ ಯಾರಿಗೂ ಅದು ಗೊತ್ತಿಲ್ಲ.

ಮುಳ್ಳು ಬಂತು. ಅವಳು ಕೈ ಬಿಡಲಿಲ್ಲ.

"ಇದನ್ನ ಯಾಕ ಕೊಟ್ರಿ?"

"ಕೌಶಿಕ ಕೇಳಿದ."

"ಹೆಂಗಿತ್ತು ಆಕಿ ಕೈ?"

ತಿರಕಪ್ಪ ಸುಳ್ಳು ಹೇಳಬಹುದಿತ್ತು. ನೆನಪಿಲ್ಲ ಎನ್ನಬಹುದಿತ್ತು. ಹಳ್ಳದ ಆಚೆ ದಂಡೆಯನ್ನು ನೋಡುತ್ತ ಯೋಚಿಸಿದ.

"ಬೆಚ್ಚಗಿತ್ತು," ಎಂದ.

ಫಕೀರವ್ವ ಅವನ ಕೈಯನ್ನು ಅವನ ಮೊಣಕಾಲಿನ ಮೇಲೆ ಇಟ್ಟಳು, ಪಾತ್ರೆ ತೊಳೆದು ಹಲಗೆಯ ಮೇಲೆ ಇಟ್ಟ ಹಾಗೆ. ಪಿನ್ನನ್ನು ತಾಳಿಗೆ ಸಿಕ್ಕಿಸಿಕೊಂಡಳು. ಗರಿಗಳನ್ನು ಬಳ್ಳಿಯಿಂದ ಬಿಗಿದಳು, ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚು. ಸಿಂಬಿ ತಲೆಗಿಟ್ಟು ಹೊರೆ ಎತ್ತಿಕೊಂಡಳು. ಅವನು ಸಹಾಯಕ್ಕೆ ಏಳುವ ಮೊದಲೇ ಎತ್ತಿಕೊಂಡಿದ್ದಳು.

"ಬೆಚ್ಚಗಿತ್ತಂತ," ಎಂದು ತನಗೇ ಎಂಬಂತೆ ಹೇಳಿದಳು. ಆಮೇಲೆ ದಂಡೆಯ ಕಡೆ ತಿರುಗಿ, ಅವನನ್ನು ನೋಡದೆ ಜೋರಾಗಿ ಹೇಳತೊಡಗಿದಳು. "ಕಾಡಿಗಿ ಒಣಗಿ ಕಲ್ಲಾಗಿರ್ತೈತಿ. ಇವತ್ತ ಮಸಿ ಹಿಡದ್ರ ನಾಳೆ ಬರೀಬಹುದು, ಬೇಸ್ತವಾರ ಮೈಲಾರಿ ಒಯ್ಲಿ. ಆ ಕೌದಿ ಎಲ್ಲಿಟ್ಟೀರಿ ಹುಡುಕಿ ಕೊಡ್ರಿ. ಮತ್ತ ಬರಿಯೂ ಮುಂದ ನನ್ನ ಬಲಕ್ಕ ಬಂದು ಕೂಡಬ್ಯಾಡ್ರಿ, ಹೇಳಿರ್ತೀನಿ, ನಾ ಒಂದು ಸಲ ಅತ್ತ ನೋಡಿದ್ನೆಂದ್ರ ಆ ಐದೂ ಮಂದಿ ಕೂಸಿನ್ನ ಬಿಟ್ಟು ಜೀವ ಇರೂತನಕ ನಿಮ್ಮನ್ನ," ಎನ್ನುತ್ತ ಹೊರೆಯ ತುದಿ ಹಿಡಿದು ದಂಡೆ ಹತ್ತಿದಳು, ಮಾತಿನ ಉಳಿದದ್ದು ಕಬ್ಬಿನ ಗರಿಗಳ ಸದ್ದಿನಲ್ಲಿ ಅವಳ ಜೊತೆಗೇ ಊರಿನ ಕಡೆಗೆ ಹೋಯಿತು.